ಇನ್ನೂರು ಪದ ಮೀರದಂತೆ

ಗ್ಯಾಲರಿಯ ಹುಡುಗ ಬಲು ವಿನಯದಿಂದ ಕಳಿಸಿದ್ದಾನೆ
ಅರ್ಧ ಹಾಳೆಯಷ್ಟು ದೊಡ್ಡ ಒಂದು ಖಾಲಿ ಚೌಕ:
'ಕುರೆಹಾ ಚಿಗುಸಾ ಅವರೇ, ತಮ್ಮ ಕಲೆಯ ಮೇಲಿನ
ಪ್ರಭಾವಗಳು. ಇನ್ನೂರು ಪದ ಮೀರದಂತೆ.'
ಅವನಿಗೆ ಬೇಕಾದ್ದು ನನಗೆ ಗೊತ್ತು.
ಚಹಾದ ಬಟ್ಟಲಲ್ಲಿ ಚಂದ್ರ, ಪಾಚಿ ಕಟ್ಟಿದ ಕಲ್ಲು,
ಬೆಟ್ಟದ ಮೇಲೊಬ್ಬ ಬೋಳುತಲೆಯ ಗುರು.

ನಮ್ಮೂರು ತೊಕೊನಾಮೆ. ಇಲ್ಲಿ
ಏರುದಾರಿಯ ಗೋಡೆಗಳೂ ಕೊಳವೆಯವೇ.
ಸೊಟ್ಟಗೆ ಬೆಂದವು, ಸೀಳು ಬಿಟ್ಟವು, ಯಾರೂ ಕೊಳ್ಳದವು
ಒಂದರ ಮೇಲೊಂದು ಕೂತು ಗುಡ್ಡ ಕುಸಿಯದಂತೆ ತಡೆದಿವೆ.
ತಾತ ಜೀವಮಾನವಿಡೀ ಮಾಡಿದ್ದು ಚರಂಡಿ ಕೊಳವೆ.
ಸಂಜೆ, ಆರಿದ ಸಾಲಿನ ನಡುವೆ ನಡೆಯುತ್ತ
ಬೆರಳ ಗೆಣ್ಣಿನಿಂದ ಒಂದೊಂದನ್ನೂ ತಟ್ಟುವನು:
ಠಣ್ ಅಂದರೆ ನಗರಕ್ಕೆ, ಠಪ್ ಅಂದರೆ ಗೋಡೆಗೆ.
ಹಿಂದೆಯೇ ನಾನು, ಐದು ವರ್ಷದವಳು, ಮೈಯೆಲ್ಲ ಕಿವಿ.
"ಬಟ್ಟಲನ್ನು ಹೊಗಳುತ್ತಾರೆ ಮಗೂ,
ಕೊಳವೆಯ ಹೆಸರೆತ್ತುವುದು ಅದು ಒಡೆದಾಗ.
ಹೆಸರೆತ್ತದ ಹಾಗೆ ಮಾಡಬೇಕು, ನೋಡು."
ನಗೋಯಾದ ರಸ್ತೆಗಳಡಿ ಎಲ್ಲೋ, ಇವತ್ತಿಗೂ,
ಅವನ ಹೆಬ್ಬೆರಳ ಗುರುತು ಒಳಮೈಗೆ ಅಂಟಿಕೊಂಡು
ಕತ್ತಲಲ್ಲಿ ಊರ ಕೊಳೆ ದಾಟಿಸುತ್ತಿರಬೇಕು.

ಅಜ್ಜಿಯದು ಬೇರೆ. ಎಪ್ಪತ್ತು ದಾಟಿದ ಮೇಲೆ ಒಂದು ದಿನ
ಮೂಲಂಗಿ ಹೆಚ್ಚುತ್ತ, ತಲೆಯೆತ್ತದೆ, ಹೇಳಿದಳು.
ಯುದ್ಧದ ಕೊನೆಯ ಬೇಸಿಗೆ, ಶಾಲೆ ಮುಚ್ಚಿ
ಹುಡುಗಿಯರನ್ನೆಲ್ಲ ಅಚ್ಚಿನ ಮುಂದೆ ಕೂರಿಸಿದರಂತೆ.
ಕಿತ್ತಳೆಯಷ್ಟು ದಪ್ಪ, ಬೆರಳು ಹೋಗುವಷ್ಟು ಬಾಯಿ,
ದಿನಕ್ಕೆ ಮುನ್ನೂರು. ಏನೆಂದು ಯಾರೂ ಹೇಳಲಿಲ್ಲ.
ಮಸಿಕುಡಿಕೆ ಅಂದಳಂತೆ ಒಬ್ಬಳು,
ಸೋಯಾ ಕುಡಿಕೆ ಅಂದಳಂತೆ ಇನ್ನೊಬ್ಬಳು.
ತುಂಬಿದ್ದು ಸಿಡಿಮದ್ದು.
ಎಸೆಯುವ ಮೊದಲೇ ಯುದ್ಧ ಮುಗಿಯಿತು; ಹೊಳೆಗೆ ಸುರಿದರು.
ತುಂಬದೆ ಉಳಿದ ಒಂದನ್ನು ಅವಳು ತಂದಿಟ್ಟುಕೊಂಡಳು
ಗುಂಡಿ ಹಾಕಿಡಲು, ಅಂಗಿಯ ಗುಂಡಿ.
ನನಗದು ಆಟಿಕೆ. ಅಂಗೈಯಲ್ಲಿ ಎಷ್ಟು ಹಿತವಾಗಿ ಕೂರುತ್ತಿತ್ತು!
ಎಸೆಯಲೆಂದೇ ಅಳೆದಿದ್ದರಲ್ಲ, ಅದಕ್ಕೆ.

ಈಗ ನನ್ನ ಮಡಕೆಗಳಿಗೆಲ್ಲ ಸಣ್ಣ ಬಾಯಿ.
ಹೂವು ಹಿಡಿಸದು, ನೀರು ಬಗ್ಗಿಸಿದರೆ ಗೊಳಗೊಳ ಗೊಣಗುತ್ತದೆ.
'ಮೌನದ ಗರ್ಭ' ಎಂದು ಬರೆದರು ವಿಮರ್ಶಕರೊಬ್ಬರು.
ಗುಂಡಿಡಬ್ಬಿ ಸ್ವಾಮೀ, ಅಂದೆ, ಫೋನಿಟ್ಟ ಮೇಲೆ.

ಅಮ್ಮ ಹಲ್ಲು ಮಾಡುತ್ತಿದ್ದಳು.
ದಂತವೈದ್ಯರ ಹಿಂಗೋಣೆಯಲ್ಲಿ, ಕುಂಚದ ತುದಿಗೆ
ಪಿಂಗಾಣಿ ಪುಡಿ ತಾಗಿಸಿ, ಪದರದ ಮೇಲೆ ಪದರ.
ಬಿಳಿ ಎಂಬುದೊಂದು ಬಣ್ಣವೇ ಅಲ್ಲ, ಅನ್ನುವಳು.
ಸಿಗರೇಟಿನ ಬಿಳಿ ಇದೆ, ಹಸಿರು ಚಹಾದ ಬಿಳಿ ಇದೆ,
ಪಕ್ಕದ ಹಲ್ಲು ಸತ್ತಿದ್ದರೆ, ಅದರ ಜೋಡಿಗೆ
ಹೊಸದಕ್ಕೂ ಒಂಚೂರು ಸಾವು ಬೆರೆಸಬೇಕು.
ಹೊಂದಿತೋ, ಯಾರಿಗೂ ತಿಳಿಯದು.
ನನ್ನ ಮೆರುಗುಗಳಿಗೆ ಈಗಲೂ ಸಂಖ್ಯೆಯಿಲ್ಲ, ಹೆಸರಿದೆ:
ಮೀನಂಗಡಿಯ ನೊದಾ. ಬಸ್ ಓಡಿಸುವ ಉಕಿತಾ.
ಅಮ್ಮ.

ಅವಳನ್ನು ಸುಟ್ಟ ಮಧ್ಯಾಹ್ನ, ಉದ್ದ ಕಡ್ಡಿ ಹಿಡಿದು
ಬೂದಿಯಿಂದ ಎಲುಬು ಆರಿಸುವಾಗ ಸಿಕ್ಕಿತು
ಅವಳೇ ಅವಳಿಗಾಗಿ ಮಾಡಿಕೊಂಡ ಒಂದು ಹಲ್ಲು.
ಎರಡನೆಯ ಸಲ ಬೆಂದದ್ದು.
ಬೆಳಕಿಗೆ ಹಿಡಿದು ಬಣ್ಣ ಕೆಟ್ಟಿದೆಯೇ ಎಂದು ನೋಡಿದೆ.
ನಾಚಿಕೆಯಾಯಿತು.
ಮತ್ತೊಮ್ಮೆ ನೋಡಿದೆ.

ಕಮೋಡಿನ ಕಾರ್ಖಾನೆಯ ಒಂಬತ್ತು ವರ್ಷವೂ ಇದೆ,
ಒಳಗೆ ಬಲ್ಬಿಟ್ಟು ಬಿರುಕು ಹುಡುಕುವ ಕೆಲಸ;
ಅದನ್ನೂ ಹಾಕಿದರೆ ಚೌಕ ಸಾಲದು.
ಎಲ್ಲ ಅಳಿಸಿ, ಒಂದೇ ಪದ ಬರೆದು ಕಳಿಸಿದೆ: ಚರಂಡಿ.

ಹುಡುಗ ಈಗಷ್ಟೇ ಫೋನು ಮಾಡಿದ್ದ.
"ಕ್ಷಮಿಸಿ, ಅಕ್ಷರದೋಷ ಇರಬೇಕು, ಅಲ್ಲವೇ?"
ಕೈಗೆ ಸಿಕ್ಕ ಮಡಕೆಯನ್ನು ಫೋನಿನ ಹತ್ತಿರ ತಂದು
ಗೆಣ್ಣಿನಿಂದ ತಟ್ಟಿದೆ.
ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ
ಬಾಕಿ ನೂರ ತೊಂಬತ್ತೊಂಬತ್ತು ಪದ ಯಾವಾಗ ಎಂದು ಕೇಳಿದ.

ಮಳೆ ಶುರುವಾಗಿದೆ. ದಾರಿಯ ಗೋಡೆಯ ಕೊಳವೆಗಳು
ಒಂದೊಂದೂ ಒಂದೊಂದು ಸ್ವರದಲ್ಲಿ ಸೋರುತ್ತಿವೆ.
ಆವಿಗೆ ಇನ್ನೂ ಇನ್ನೂರ ಹತ್ತು ಡಿಗ್ರಿ.
ಬೆಳಗಿನ ತನಕ ಬಾಗಿಲು ತೆಗೆಯುವಂತಿಲ್ಲ.