ಒಂಬತ್ತನೇ ಕಾಲಂ

ಭಾಂಡುಪಿನ ರೇಷನ್ ಕಚೇರಿಯೆದುರು ಬಾದಾಮಿ ಮರದಡಿ
ಹತ್ತೊಂಬತ್ತು ವರ್ಷ ಟೈಪು ಹೊಡೆದೆ.
ಪುಟಕ್ಕೆ ಐದು ರೂಪಾಯಿ, ಆಮೇಲೆ ಹತ್ತು, ಆಮೇಲೆ ಮೂವತ್ತು.
ಗಂಡ ತೀರಿದ್ದಕ್ಕೆ ಅಫಿಡವಿಟ್ಟು ಎಂದರೆ ಅರ್ಧ.
ಎಲೆ ಉದುರಿ ಕೀಲಿಗಳ ನಡುವೆ ಸಿಕ್ಕಿಕೊಳ್ಳುತ್ತಿತ್ತು,
ಜನ ಮಾತ್ರ ತಪ್ಪುತ್ತಿರಲಿಲ್ಲ.
ಸಂಜೆ ಐದಕ್ಕೆ ಜೇಬು ಅಂಗಿಗಿಂತ ಭಾರ.

ಅರ್ಜಿಗಳೆಲ್ಲ ಫೋನು ಹತ್ತಿದ ವರ್ಷ
ನಾನೂ ಅವುಗಳ ಬೆನ್ನು ಹತ್ತಿದೆ.
ಯಂತ್ರ ಅಟ್ಟಕ್ಕೇರಿತು, ಈಗ ಅದರ ಮೇಲೆ ಹಾಸಿಗೆಯ ಗಂಟು.
ಕಪಾಟಿನ ಅಂಚಿಗೆ ಫೋನನ್ನು ಕೆಳಮುಖ ಕಟ್ಟಿ,
ನನ್ನೆರಡು ಕೈ ಮಾತ್ರ ಕಾಣುವ ಹಾಗೆ,
ಕನ್ನಡದಲ್ಲಿ ಹೇಳತೊಡಗಿದೆ:
ಇಲ್ಲಿ ಹೆಸರು, ಇಲ್ಲಿ ತಂದೆಯ ಹೆಸರು,
ಇಲ್ಲಿ ಒತ್ತಬೇಡಿ, ಒತ್ತಿದರೆ ಎಲ್ಲ ಹೋಯಿತು, ಮತ್ತೆ ಮೊದಲಿಂದ.

ಯಾದಗಿರಿಯಿಂದ ಗಾರೆ ಕೆಲಸಕ್ಕೆ ಬಂದವರು ನೋಡಿದರು,
ಮುಲುಂಡಿನ ಕ್ಯಾಂಟೀನ್ ಹುಡುಗರು ನೋಡಿದರು,
ನಾನು ಕಾಣದ ಊರುಗಳಲ್ಲಿ ರಾತ್ರಿ ಎರಡಕ್ಕೆ
ಯಾರೋ ಯಾಕೋ ನೋಡಿದರು.

ಇದರಿಂದ ಹೊಟ್ಟೆ ತುಂಬುತ್ತದಾ? ಕೇಳದವರಿಲ್ಲ.
ತುಂಬುತ್ತದೆ, ಜೂನಿನಲ್ಲಿ.
ಶಾಲೆಗಳು ಜಾತಿ, ವಾಸ, ಆದಾಯ ಎಂದು ಬಾಯಿ ತೆರೆದಾಗ
ನಮ್ಮ ಒಲೆಯೂ ಜೋರಾಗಿ ಉರಿಯುತ್ತದೆ.
ಸರ್ಕಾರ ಕೊನೆಯ ದಿನ ಸಾರಿದರೆ ಮೀನು,
ಮುಂದೂಡಿದರೆ ಬೇಳೆ.
ಜನರ ಗಾಬರಿಯೇ ನನ್ನ ಮುಂಗಾರು.
ಬಾ ಎನ್ನಲು ನಾಚಿಕೆ, ಬಾರದಿದ್ದರೆ ಭಯ.

ಶಶಿರೇಖಾಳ ನೋಟುಬುಕ್ಕಿನ ಎಡಕ್ಕೆ ನನ್ನ ಪುಟ:
ಜೂನ್, ಮೂವತ್ತೊಂದು ಸಾವಿರ.
ಜುಲೈ, ಹದಿನಾರು.
ಆಗಸ್ಟ್, ಒಂದು ಗೆರೆ.
ಸೆಪ್ಟೆಂಬರ್, ಅದೇ ಗೆರೆ, ಸ್ವಲ್ಪ ಉದ್ದ.
ನೂರು ಡಾಲರ್ ತುಂಬದೆ ಅವರು ಕೊಡುವುದಿಲ್ಲ,
ಎಂಬತ್ತೇಳರಲ್ಲಿ ನಿಂತುಬಿಡುತ್ತದೆ,
ಅರ್ಧ ಸೇದಿದ ಕೊಡ:
ನೀರು ಕಾಣುತ್ತದೆ, ಕೈಗೆ ಎಟಕುವುದಿಲ್ಲ.
ಬಲಕ್ಕೆ ಅವಳ ಪುಟ. ಸೀರೆಗೆ ಫಾಲು, ಬೀಡಿಂಗು,
ವಾರಕ್ಕೆ ಹನ್ನೊಂದು, ಒಮ್ಮೊಮ್ಮೆ ಹನ್ನೆರಡು.
ಆ ಪುಟದಲ್ಲಿ ಗೆರೆಯೇ ಇಲ್ಲ.

ಮಗಳ ಕಾಲೇಜಿಗೆ ಆದಾಯದ ದಾಖಲೆ ಬೇಕಾಯಿತು.
ಪ್ರಾಪ್ತಿ ಎಂದು ಅವಳ ಹೆಸರು,
ಬಾದಾಮಿ ಮರದ ಧೈರ್ಯದಲ್ಲಿ ಇಟ್ಟದ್ದು.
ಸೇತು ಕೇಂದ್ರದಲ್ಲಿ ನನ್ನದು ನಲವತ್ತಮೂರನೇ ನಂಬರು.
ತೊಡೆಯ ಮೇಲೆ ಅರ್ಜಿ. ಕಣ್ಣು ಮುಚ್ಚಿ ತುಂಬಬಲ್ಲೆ.
ಎಂಟು, ವೃತ್ತಿ: ಟೈಪಿಸ್ಟ್ ಎಂದು ಬರೆದು, ಹೊಡೆದು,
ಇತರೆ ಎಂದು ಬರೆದೆ.
ಒಂಬತ್ತು, ವಾರ್ಷಿಕ ಆದಾಯ.
ಪೆನ್ನು ನಿಂತಿತು.

ಪಕ್ಕದ ಹೆಂಗಸು ನನ್ನ ಮುಖ ನೋಡಲಿಲ್ಲ,
ಸೀಳಿದ ಹೆಬ್ಬೆರಳ ಉಗುರು ನೋಡಿದಳು.
"ಈ ಕೈ ನಮ್ಮ ಫೋನಿನ್ಯಾಗ ಐತ್ರಿ.
ಒಂಬತ್ತಕ್ಕ ನೀವ ಹೇಳೀರಲ್ರೀ,
ಒಂದು ತಿಂಗಳ ಗಳಿಕಿ ಹನ್ನೆರಡರಿಂದ ಗುಣಸ್ರಿ ಅಂತ.
ಅಷ್ಟ ಬರೀರಿ."

ಹೌದು, ಹೇಳಿದ್ದೆ. ಅರ್ಧ ನಿಮಿಷದಲ್ಲಿ, ತಡವರಿಸದೆ.
ಯಾವ ತಿಂಗಳು ಎಂದು ಹೇಳಿರಲಿಲ್ಲ.
ಜೂನನ್ನು ಗುಣಿಸಿದರೆ ಫೀಸು ಮಾಫಿ ಇಲ್ಲ,
ಸೆಪ್ಟೆಂಬರನ್ನು ಗುಣಿಸಿದರೆ ನಾನೇ ಇಲ್ಲ.

ಕಿಟಕಿಯಿಂದ ಮೂವತ್ತೊಂಬತ್ತು ಎಂದು ಕೂಗಿದರು.
ಮನೆಗೆ ಫೋನು ಮಾಡಿದೆ.
ಮೆಷಿನ್ನು ನಿಲ್ಲಿಸದೆಯೇ ಅವಳು ಹೇಳಿದಳು:
"ಎರಡೂ ಪುಟ ಕೂಡಿಸಿ. ಗೆರೆ ಬಂದಲ್ಲಿ ಸೊನ್ನೆ.
ಬರುವಾಗ ಗುಲಾಬಿ ದಾರ ತನ್ನಿ, ಎರಡು ರೀಲು."

ಕೂಡಿಸಿದೆ, ಅಂಗೈಯ ಮೇಲೆ ಬರೆದು, ಎರಡು ಸಲ.
ಬಂದ ಮೊತ್ತ ಚೌಕದೊಳಗೆ ಹಿಡಿಯಿತು.
ಆ ಹೆಂಗಸಿನ ಅರ್ಜಿ ಇಣುಕಿದೆ,
ನಾಲ್ಕನೆಯದು ತಪ್ಪಿತ್ತು, ತಿದ್ದಿಕೊಟ್ಟೆ.
ಸೊಂಟದ ಚೀಲ ಬಿಚ್ಚಿ ಹತ್ತರ ನೋಟು ಚಾಚಿದಳು.
ಬೇಡ ಎನ್ನಬೇಕಿತ್ತೇನೋ.
ಜೇಬಿಗೆ ಹಾಕಿಕೊಂಡೆ.
ಒಂದು ರೀಲಿಗಾಯಿತು.