ತಪ್ಪಿದ ನೂಲು

ಫಿನ್ಲೆಂಡಿನ ರೌಮಾ, ಮೂವತ್ತೊಂಬತ್ತರ ಮಾರ್ಚಿ.
ಒಲೆಗೆ ಬೆನ್ನು ಕೊಟ್ಟು
ಐರಾ ಲೌಕ್ಕನೆನ್ ಗಾಜಿನ ಫಲಕ ನೋಡುತ್ತಾಳೆ.
ಚುಕ್ಕಿಯೆಲ್ಲ ಚುಕ್ಕಿಯೇ.
ಒಂದು ಮಾತ್ರ ಗೀರು,
ಹುಬ್ಬಿನಿಂದುದುರಿದ ಕೂದಲಿನಷ್ಟು.
ಊದಿದಳು. ಹೋಗಲಿಲ್ಲ.
ಅವ್ವನೊಡನೆ ಲೇಸು ಹೆಣೆದ ಕಣ್ಣು,
ತಪ್ಪಿದ ನೂಲು ಎಲ್ಲಿದ್ದರೂ ಚುಚ್ಚುತ್ತದೆ.

ಮೂರು ರಾತ್ರಿ, ಮೂರು ಫಲಕ;
ಸೀಸದಕಡ್ಡಿ ಮೋಟಾಗುವ ತನಕ ಕೂಡಿ ಕಳೆದರೆ
ಮಂಗಳನಾಚೆ, ಗುರುವಿನೀಚೆ
ತುಸು ಸೊಟ್ಟ ದಾರಿ, ಒಂಬತ್ತು ಡಿಗ್ರಿ ವಾಲಿದ್ದು.
ಒಂದು ಸುತ್ತಿಗೆ
ನಾಲ್ಕು ವರ್ಷ ಮೂರು ತಿಂಗಳು.
ಕಂಡವರ ಹೆಸರು ಬರೆಯುವಲ್ಲಿ
ಮೇಲಿನವರ ಹೆಸರು ಬಿತ್ತು.
ಅವಳಿಗೊಂದು ಕಪ್ ಕಾಫಿ, ಸಕ್ಕರೆ ಜಾಸ್ತಿ.

ಆಮೇಲೆ ಯುದ್ಧ.
ಮಸೂರವನ್ನು ಕಂಬಳಿಯಲ್ಲಿ ಸುತ್ತಿ ನೆಲಮಾಳಿಗೆಗಿಳಿಸಿದರು.
ಫಲಕ ಬದಲಿಸುತ್ತಿದ್ದ ಹುಡುಗ ತೌನೋ
ಹಿಮಜಾರು ಹೆಗಲಿಗೇರಿಸಿ ಪೂರ್ವಕ್ಕೆ ಹೋದ.
ಮೂರು ಕಾಗದ ಬಂದವು.
ಮೂರು ಸಾಕು ಅಂದುಕೊಂಡಿದ್ದಳು,
ದಾರಿ ಗೊತ್ತಾಗಲು.

ನಲವತ್ಮೂರರ ಜೂನ್.
ಕಲ್ಲು ತಾನು ಹೊರಟಲ್ಲಿಗೆ ಬರುವ ದಿನ.
ಇಲ್ಲಿ ಆಗ ರಾತ್ರಿ ಕಪ್ಪಾಗುವುದೇ ಇಲ್ಲ;
ಪಡುವಣ ಕಡಲ ಮೇಲೆ
ಹಾಲು ಚೆಲ್ಲಿದ ಹಾಗೆ ಬೆಳಕು.

ಬಂದರಿನ ಕಟ್ಟೆಯ ಮೇಲೆ
ಮೀನಿನ ಬುಟ್ಟಿ ಇಳಿಸಿ ಐರಾ ನಿಂತಳು.
ಏನೂ ಕಾಣಲಿಲ್ಲ.
"ಬಂದಿರುತ್ತೆ" ಅಂದಳು,
ಪಕ್ಕದವಳು "ಯಾರು?" ಅಂತ ಕೇಳಿದರೆ
ಬುಟ್ಟಿ ಎತ್ತಿಕೊಂಡಳು.