ಗ್ಯಾಸ್ ಗಾಡಿಗೆ ಗುರಿಗಳ ಪಟ್ಟಿ

ಪುರಸಭೆಯ ಕಾಗದದಲ್ಲಿ ಇದ್ದದ್ದು ಇಷ್ಟೇ:
ಗ್ಯಾಸ್ ಸಿಲಿಂಡರು ಮೆಟ್ಟಿಲು ಹತ್ತಿಸುವ ಗಾಡಿ ಬೇಕು,
ಸುರಕ್ಷಿತ, ಹಗುರ, ಅಗ್ಗ.
ಅಡ್ಡಗೋಡೆಯ ಮೇಲೆ ಇಟ್ಟ ದೀಪ.
ವಾಲ್ಪರಾಯ್ಸೊದ ಈ ಗುಡ್ಡಕ್ಕೆ ದಾರಿಯಿಲ್ಲ, ಮೆಟ್ಟಿಲಿದೆ;
ಸಮುದ್ರ ಕೆಳಗೆ, ಅಡುಗೆಮನೆಗಳು ಮೇಲೆ,
ನಡುವೆ ಯಾರದೋ ಬೆನ್ನು.

ಸಿಮೆನಾ ಓಯರ್ಸೂನ್ ಗೋಡೆಗೆ ಮೀನಂಗಡಿಯ ಕಂದು ಕಾಗದ ಅಂಟಿಸಿ
ಮುಚ್ಚಿಹೋದ ಹಗ್ಗದ ರೈಲಿನ ಹಳೇ ಟಿಕೆಟ್ಟುಗಳ ಕಟ್ಟು ಬಿಚ್ಚಿದಳು.
ಬೆನ್ನ ಮೇಲೆ ಬರೆಯಿರಿ,
ಒಂದು ಟಿಕೆಟ್ಟಿಗೆ ಒಂದೇ ಆಸೆ.

ಮಧ್ಯಾಹ್ನಕ್ಕೆ ಐವತ್ತಮೂರು ಆಸೆಗಳಾದವು.
ಚಕ್ರ ಮೂರಿರಲಿ. ಬಣ್ಣ ಕೆಂಪಿರಲಿ. ಸದ್ದು ಬೇಡ.
ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದು.
ಒಂದೇ ಕೈಯಲ್ಲಿ ಎಳೆಯುವಂತಿರಲಿ.
ನನ್ನದೂ ಒಂದಿತ್ತು: ಮೋಟಾರು.

ಅವಳು ಯಾವುದನ್ನೂ ನಗಲಿಲ್ಲ, ಒಂದೊಂದೇ ಎತ್ತಿ ಕೇಳಿದಳು.
ಮೂರು ಚಕ್ರ ಯಾಕೆ?
ಮೆಟ್ಟಿಲಂಚಿಗೆ ತಡೆಯದೆ ಹತ್ತಲಿ ಅಂತ.
ತಡೆದರೆ?
ಕುಲುಕುತ್ತದೆ.
ಕುಲುಕಿದರೆ?
ಸೊಂಟ.
ಹಾಗಾದರೆ ಬರೆಯಿರಿ: ಸೊಂಟ ಉಳಿಯಲಿ.
ಚಕ್ರ ಅದರ ಕೆಳಗೆ, ಎರಡು ಗೇಣು ಕೆಳಗೆ,
ಕರೆದರೆ ಬರಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು.

ಹೀಗೆ ಗೋಡೆಯ ಮೇಲೆ ಮರವೊಂದು ತಲೆಕೆಳಗಾಗಿ ಬೆಳೆಯಿತು.
ಮೇಲಕ್ಕೆ ಹೋಗುವಾಗ ಯಾಕೆ ಅನ್ನಬೇಕು,
ಇಳಿಯುವಾಗ ಹೇಗೆ.
ಎರಡಕ್ಕೂ ಬಾಯಿ ಬಿಡದ ಟಿಕೆಟ್ಟು ಬುಟ್ಟಿಗೆ.
ಕೆಂಪು ಬಣ್ಣ ಹೋಯಿತು.
ನನ್ನ ಮೋಟಾರೂ ಹೋಯಿತು,
ಸ್ವಲ್ಪ ಹೊತ್ತು ಬುಟ್ಟಿಯನ್ನೇ ನೋಡುತ್ತ ಕೂತೆ.

ಹಗುರ ಎಂಬ ಒಂದು ಪದಕ್ಕೆ ಎರಡು ಗಂಟೆ ಅಳೆದೂ ಸುರಿದೂ.
ಹಗುರ ಅಂದರೆ ಎಷ್ಟು?
ಎಂಟು ಕಿಲೋ, ಎಂದ ಬೆಸುಗೆಯ ಬೆಲಿಸಾರಿಯೊ.
ಖಾಲಿ ಇಳಿಯುವಾಗಲೋ, ತುಂಬಿ ಹತ್ತುವಾಗಲೋ?
ಯಾರ ತೋಳಿಗೆ, ಎಷ್ಟನೆಯ ಮೆಟ್ಟಿಲಲ್ಲಿ?
ಹಗುರವೂ ಅಗ್ಗವೂ ಒಂದೇ ಟೊಂಗೆಯಲ್ಲಿ ಕೂರಲೊಲ್ಲವು,
ಅಲ್ಯೂಮಿನಿಯಂ ಎಂದದ್ದೇ ತಡ ಅಗ್ಗ ಹಾರಿಹೋಯಿತು.
ಎರಡೆರಡನ್ನೇ ಎದುರುಬದುರು ನಿಲ್ಲಿಸಿ ಕೇಳಿದೆವು:
ಯಾರು ಬಿಟ್ಟುಹೋದರೆ ಮನೆ ನಡೆಯುತ್ತದೆ?

ನಾಲ್ಕರ ಮೇಲೆ ದೋನ್ ಎಲಿಯೊದೋರೊ ಬಂದ.
ಮೂವತ್ತೊಂದು ವರ್ಷ ಸಿಲಿಂಡರು ಹೊತ್ತವನು,
ಬಲಹೆಗಲು ಎಡದಕ್ಕಿಂತ ಎರಡು ಬೆರಳು ಕೆಳಗೆ.
ಪಕ್ಕದ ಮನೆಯವರು ಒಣಹಾಕಿದ ಬಟ್ಟೆ ನೋಡುವಂತೆ
ನಮ್ಮ ಮರವನ್ನು ನೋಡಿ ಕೇಳಿದ:
ಇದು ನಿಲ್ಲುವುದೆಲ್ಲಿ?

ಗುಡ್ಡದ ತುದಿಯಲ್ಲಿ, ಎಂದೆವು.

ಅಲ್ಲ. ನಲವತ್ತೆರಡನೆಯ ಮೆಟ್ಟಿಲಲ್ಲಿ
ಸೆನ್ಯೋರಾ ಎದೆಲ್ಮಿರಾ ಬಾಗಿಲು ತೆಗೆದು ನೀರು ಕೊಡುತ್ತಾಳೆ.
ಲೋಟಕ್ಕೆ ಒಂದು ಕೈ ಬೇಕು, ಟೋಪಿ ತೆಗೆಯಲು ಇನ್ನೊಂದು.
ಆಗ ಗಾಡಿಯನ್ನು ಹಿಡಿಯುವವರು ಯಾರು?

ಐವತ್ತಮೂರು ಟಿಕೆಟ್ಟುಗಳಲ್ಲಿ
ಹತ್ತುವುದಿತ್ತು, ಉರುಳುವುದಿತ್ತು, ತಿರುಗುವುದಿತ್ತು.
ನಿಲ್ಲುವುದನ್ನು ಯಾರೂ ಬರೆದಿರಲಿಲ್ಲ.
ಅಷ್ಟು ದೊಡ್ಡ ಸುರಕ್ಷಿತ ಎಲ್ಲಕ್ಕಿಂತ ಮೇಲೆ ಕೂತಿತ್ತು,
ಅದರ ಕೆಳಗೆ ಬರೀ ಗೋಡೆ.

ಸಿಮೆನಾ ಹೊಸ ಟಿಕೆಟ್ಟು ತೆಗೆದಳು:
ಕೈಬಿಟ್ಟರೆ ಬಿಟ್ಟಲ್ಲೇ ನಿಲ್ಲಬೇಕು,
ತುಂಬಿದ ಸಿಲಿಂಡರಿನ ಜೊತೆ, ಒದ್ದೆ ಕಲ್ಲಿನ ಮೇಲೆ,
ನೀರು ಕುಡಿದು ಮುಗಿಯುವವರೆಗೆ.
ಎಷ್ಟು ಸೆಕೆಂಡು? ಬೆಲಿಸಾರಿಯೊ ಬಿಡಲಿಲ್ಲ.
ಮುದುಕನಿಗೆ ಲೋಟ ಕೊಟ್ಟು ಗಡಿಯಾರ ಹಿಡಿದೆವು.
ನೂರಾ ಹತ್ತು,
ಎದೆಲ್ಮಿರಾಳ ಮಂಡಿನೋವಿನ ಸಮಾಚಾರವೂ ಸೇರಿ.

ಗಾಡಿ ಇನ್ನೂ ಹುಟ್ಟಿಲ್ಲ.
ಅದಕ್ಕೆ ಎರಡು ಚಕ್ರವೋ ಆರೋ, ಚಕ್ರವೇ ಇಲ್ಲವೋ,
ನನಗೆ ತಿಳಿಯದು.
ಆ ಸಂಜೆ ಮನೆಗೆ ಮೆಟ್ಟಿಲು ಎಣಿಸುತ್ತ ಹತ್ತಿದೆ.
ಜೇಬಿನಲ್ಲಿ ಮೋಟಾರಿನ ಟಿಕೆಟ್ಟು, ಬುಟ್ಟಿಯಿಂದ ಕದ್ದದ್ದು.
ನಲವತ್ತೆರಡಕ್ಕೆ ಉಸಿರು ಸಿಗದೆ ನಿಂತೆ.
ಬಾಗಿಲು ಹಾಕಿತ್ತು.
ಕಾಲ ಬಳಿ, ಕಲ್ಲಿನಲ್ಲಿ, ತಟ್ಟೆಯಗಲದ ತುಕ್ಕಿನ ಉಂಗುರ.
ಇಷ್ಟು ದಿನ ಅದನ್ನು ದಾಟಿಕೊಂಡೇ ಹೋಗಿದ್ದೆ.